ಮೊದಲ ಮೂಟೆ

ನಮ್ಮಪ್ಪನಿಗೆ ಊರು ಇಟ್ಟ ಹೆಸರು ಸಿಮೆಂಟಪ್ಪ. ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ ಅವನು ಸಿಮೆಂಟ್ ಮಾರಲು ಕೂತಾಗ ನಾನಿನ್ನೂ ಹುಟ್ಟಿರಲಿಲ್ಲ. ಈಗಲೂ ಅಲ್ಲೇ ಕೂತಿದ್ದಾನೆ, ಕುರ್ಚಿ ಮಾತ್ರ ಬದಲಾಗಿದೆ.

ಅವನದೊಂದು ಪದ್ಧತಿ ಇದೆ. ಊರಿನಲ್ಲಿ ಯಾರೇ ಏನೇ ಕಟ್ಟಲಿ, ಮೊದಲ ಮೂಟೆ ಅಪ್ಪನ ಲೆಕ್ಕ. ಸ್ಕೂಟರಿನಲ್ಲಿ ಕಾಲ ಬಳಿ ಮೂಟೆ ನಿಲ್ಲಿಸಿಕೊಂಡು ತಾನೇ ಹೋಗುತ್ತಾನೆ. ಮೂಟೆಯ ಹೊಲಿಗೆ ದಾರವನ್ನು ಒಂದೇ ಎಳೆತಕ್ಕೆ ಸರ್ರನೆ ಬಿಚ್ಚಿ, ಮೊದಲ ಬಾಣಲಿ ಗಾರೆಯನ್ನು ತಾನೇ ಕಲಸಿ, "ಇನ್ನು ನೂರು ವರ್ಷ ಯೋಚನೆ ಇಲ್ಲ" ಅಂದು ಕೈ ತೊಳೆದು ಬರುತ್ತಾನೆ. ಆಮೇಲಿನ ಮೂಟೆಗಳಿಗೆ ಅವನ ಹತ್ತಿರ ಚೌಕಾಸಿಯೂ ನಡೆಯುವುದಿಲ್ಲ, ಅದು ಬೇರೆ ಮಾತು.

ಇಂಥವನ ಮಗಳು ಕಟ್ಟಡ ಕಟ್ಟಿಸುವ ಕೆಲಸ ಕಲಿತಳು ಅಂದರೆ ಕೇಳಬೇಕೇ? ಊರ ತುಂಬ ಹೇಳಿಕೊಂಡು ತಿರುಗಿದ. ನನ್ನ ಹೊಣೆಯಲ್ಲೇ ನಡೆಯುವ ಮೊದಲ ಕೆಲಸ ಬಂದಾಗ, ಅದೂ ನಮ್ಮೂರ ಶಾಲೆಯದೇ ಆದಾಗ, ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ಶಾಲೆಯನ್ನು ನಾನು ಮಣ್ಣಿನಲ್ಲಿ ಕಟ್ಟಿಸುತ್ತೇನೆ ಅಂತ ಗೊತ್ತಾದ ದಿನ ತಿರುಗಾಟ ನಿಂತಿತು.

"ಮಣ್ಣಲ್ಲಾ?" ಅಂದ, ಊಟಕ್ಕೆ ಕೂತವನು. ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. "ಮಕ್ಕಳ ತಲೆ ಮೇಲೆ ಮಣ್ಣು ಹಾಕ್ತೀಯಾ?"

"ತಲೆ ಮೇಲಲ್ಲಪ್ಪ, ಪಕ್ಕಕ್ಕೆ. ತಲೆ ಮೇಲೆ ಹೆಂಚು."

"ಸಿಮೆಂಟ್ ನಿಂಗೇನು ಅನ್ಯಾಯ ಮಾಡಿತ್ತೇ?"

"ನಂಗಲ್ಲ, ಗಾಳಿಗೆ. ಕಲ್ಲಿದ್ದಲು ಉರಿಸಿ ಕಲ್ಲನ್ನ ಬೇಯಿಸ್ತಾರೆ. ಆ ಬೆಂಕಿಯಿಂದಷ್ಟು, ಆ ಕಲ್ಲಿಂದಷ್ಟು ಇಂಗಾಲ ಮೇಲಕ್ಕೆ ಹೋಗುತ್ತೆ. ನಾವು ಅದನ್ನ ಆದಷ್ಟು ಕಡಿಮೆ ಮಾಡಿ ಕಟ್ತಿದೀವಿ."

"ಅಂದ್ರೆ ನಾನು ಇಷ್ಟು ವರ್ಷ ಹೊಗೆ ಮಾರ್ತಿದ್ದೆ ಅಂತೀಯಾ?"

"ಹೊಗೆ ಅಲ್ಲ, ಧೂಳು" ಅಂದಳು ಅಮ್ಮ ಅಡುಗೆಮನೆಯಿಂದ. "ನಿಮ್ಮ ಅಂಗಿ ಒಗೆಯೋಳು ನಾನು, ನನ್ನ ಕೇಳಿ."

ಅಲ್ಲಿಗೆ ನಕ್ಕು ಸುಮ್ಮನಾಗಿದ್ದರೆ ಆಗುತ್ತಿತ್ತು. ಆದರೆ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅಪ್ಪ "ಮಣ್ಣಂತೆ ಮಣ್ಣು" ಅಂತ ಗೊಣಗಿದ್ದು ಕಿವಿಗೆ ಬಿದ್ದದ್ದೇ, "ಒಂದೇ ಒಂದು ಮೂಟೆ ಸಿಮೆಂಟೂ ಆ ಗೇಟ್ ದಾಟಲ್ಲ, ಬರ್ದಿಟ್ಕೋ" ಅಂದೆ.

"ಮೊದಲನೇ ಮೂಟೆನೂ?"

"ಮೊದಲನೇದೂ ಇಲ್ಲ, ಕೊನೇದೂ ಇಲ್ಲ."

ಅಪ್ಪ ತುತ್ತನ್ನು ತಟ್ಟೆಗೆ ಹಾಕಿ ಎದ್ದ. ಅಮ್ಮ ನನ್ನನ್ನು ನೋಡಿದ ನೋಟ ಹೇಳುವ ಹಾಗಿರಲಿಲ್ಲ. ನನಗೂ ಆ ರಾತ್ರಿ ಊಟ ಸೇರಲಿಲ್ಲ.

ಮಣ್ಣು ಅಂದರೆ ಹೊಲದಿಂದ ಬಾಚಿ ತಂದು ಮೆತ್ತುವ ಮಣ್ಣಲ್ಲ ಮಾರಾಯರೇ. ಮಳೆನೀರು ಹಿಡಿಯುವ ತೊಟ್ಟಿಗೆ ಶಾಲೆಯ ಹಿತ್ತಿಲಲ್ಲೇ ಗುಂಡಿ ತೋಡಿಸಿದೆ. ಆ ಮಣ್ಣನ್ನು ಜರಡಿ ಹಿಡಿಸಿ, ಚೂರು ಸುಣ್ಣ ಬೆರೆಸಿ, ಕೈಯಲ್ಲಿ ಒತ್ತುವ ಯಂತ್ರಕ್ಕೆ ತುಂಬಿಸಿದೆ. ಯಂತ್ರದ ಹಿಡಿ ಎಷ್ಟು ಉದ್ದವೆಂದರೆ ಇಬ್ಬರು ಅದಕ್ಕೆ ಜೋತುಬೀಳಬೇಕು. ಹೊರಬಂದ ಇಟ್ಟಿಗೆಯನ್ನು ಸುಡುವುದಿಲ್ಲ, ನೆರಳಿನಲ್ಲಿ ಪೇರಿಸಿ ವಾರಗಟ್ಟಲೆ ನೀರು ಚಿಮುಕಿಸಿ ಗಟ್ಟಿ ಮಾಡುತ್ತೇವೆ. ಹಳೆಯ ಶಾಲೆ ಕೆಡವಿದಾಗ ಸಿಕ್ಕ ಕಿಟಕಿ, ಬಾಗಿಲು, ತೊಲೆ ಒಂದನ್ನೂ ಬಿಸಾಡಲಿಲ್ಲ. ಒಂದು ಕಿಟಕಿಯ ಚೌಕಟ್ಟಿನ ಮೇಲೆ ಯಾವುದೋ ಕಾಲದ ಪುಣ್ಯಾತ್ಮ ಮೊಳೆಯಿಂದ "ಲೆಕ್ಕದ ಮೇಷ್ಟ್ರಿಗೆ ಜ್ವರ ಬರಲಿ" ಅಂತ ಕೆತ್ತಿದ್ದ. ಅದನ್ನು ಉಜ್ಜಬೇಡಿ ಅಂತ ಬಡಗಿಗೆ ಹೇಳಿದೆ.

ನನ್ನ ಬೆನ್ನಿಗಿದ್ದವರು ದೊಡ್ಡ ಟೀಚರ್. ಶಾಲೆಯ ಮುಖ್ಯಸ್ಥೆ ಅವರು, ಆಳು ಕುಳ್ಳು, ದನಿ ಮಾತ್ರ ಮೈದಾನದ ಆಚೆ ತುದಿಗೂ ತಲುಪುತ್ತದೆ. ಹೊಸ ಕಟ್ಟಡ ಏಳುವವರೆಗೆ ಮಕ್ಕಳನ್ನು ತಗಡಿನ ಗೋದಾಮಿನಲ್ಲಿ ಕೂರಿಸಿದ್ದರು. "ಮಧ್ಯಾಹ್ನ ಆದ್ರೆ ಪಾಠ ಯಾರ ತಲೆಗೂ ಹತ್ತಲ್ಲ ಕಣಮ್ಮ, ಬಿಸಿ ಹತ್ತುತ್ತೆ. ತಣ್ಣಗಿರೋ ಕೋಣೆ ಕಟ್ಟಿಕೊಡು, ಸಾಕು" ಅನ್ನುತ್ತಿದ್ದರು. ಅವರು ಕೇಳಿದ್ದು ಇನ್ನೊಂದೇ ಒಂದು. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಗಾಲಿಕುರ್ಚಿಯಲ್ಲಿ ಬರುತ್ತಾಳೆ. ಅವಳನ್ನು ದಿನಾ ಬೆಳಗ್ಗೆ ಇಬ್ಬರು ಸಾಮಾನಿನ ಥರ ಎತ್ತಿ ಗೋದಾಮಿನ ಹೊಸ್ತಿಲು ದಾಟಿಸಬೇಕು. "ಅವಳು ತಾನೇ ಬರೋ ಹಾಗೆ ಹೊಸ ಶಾಲೆ ಬಾಗಿಲ ಮುಂದೆ ಒಂದು ಇಳಿಜಾರು" ಅಂದಿದ್ದರು.

ತಳಪಾಯ ಎದ್ದದ್ದೇ ಇಳಿಜಾರಿಗೆ ನಾನು ಕಲ್ಲು ಹಾಸಿಸಿದೆ. ಹುಡುಗಿ ಬಂದು ಒಂದು ಸಲ ಹತ್ತಿ ಇಳಿದು, "ಅಕ್ಕಾ, ಹಲ್ಲೆಲ್ಲ ಕಟಕಟ ಅಂತಾವೆ" ಅಂದಳು. ಕಲ್ಲುಗಳ ನಡುವಿನ ಸಂದಿಗೆ ಗಾಲಿ ಎಗರುತ್ತಿತ್ತು. ಮೇಲೊಂದು ತೆಳ್ಳನೆಯ ಸಿಮೆಂಟ್ ಪದರ ಬಳಿದರೆ ನುಣ್ಣಗಾಗುತ್ತೆ ಅಂದ ಮೇಸ್ತ್ರಿ. ನಾನು ಕಣ್ಣು ಕೆಂಪಗೆ ಮಾಡಿದ್ದಕ್ಕೆ ಸುಮ್ಮನಾದ. ಅಪ್ಪನ ಮುಂದೆ ಆಡಿದ ಮಾತು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತ್ತಲ್ಲ! ಸುಣ್ಣದಲ್ಲೇ ಸಂದಿ ತುಂಬಿ ನೋಡೋಣ ಅಂತ ಮುಂದಕ್ಕೆ ಹಾಕಿದೆ.

ಗೇಟಿನ ಬಳಿ ಒಂದು ಕಪ್ಪು ಹಲಗೆ ನಿಲ್ಲಿಸಿ ಒಳಗೆ ಬಂದ ಸಾಮಾನು ಎಷ್ಟು ದೂರದಿಂದ ಬಂತು, ಅದರಿಂದ ಎಷ್ಟು ಇಂಗಾಲ ಅಂತ ಬರೆಸುತ್ತಿದ್ದೆ. ಕಟ್ಟಡ ಸಮಿತಿಯ ಅಧ್ಯಕ್ಷರು ಬಂದಾಗಲೆಲ್ಲ ಅದರ ಮುಂದೆ ನಿಲ್ಲುವರು. ಕೆಟ್ಟ ಮನುಷ್ಯರಲ್ಲ, ಆದರೆ ಪುಕ್ಕಲು. "ಇಂಗಾಲ ಅಂದ್ರೆ ಇದ್ದಲು ತಾನೇ? ಇದ್ದಲಲ್ಲಿ ಎಲ್ಲಮ್ಮ ಕಟ್ತಿದೀವಿ ನಾವು?" ಅನ್ನುವರು. ನಾನು ಮೊದಲಿನಿಂದ ಹೇಳುವೆ. ಅವರು ಹೂಂಗುಟ್ಟಿ ಹೋಗಿ ಮಾರನೇ ದಿನ ಮತ್ತೆ ಅದನ್ನೇ ಕೇಳುವರು.

ಒಂದು ದಿನ ಅವರು ಹಸಿ ಮಣ್ಣಿನ ಹೆಂಟೆಯೊಂದನ್ನು ತೆಗೆದು ನನ್ನ ಟೀ ಲೋಟದ ಪಕ್ಕದಲ್ಲಿದ್ದ ನೀರಿನ ಲೋಟಕ್ಕೆ ಹಾಕಿದರು. ಅದು ಬುಳುಬುಳು ಅಂತ ಕರಗಿ ಕೆಸರಾಯಿತು.

"ನೋಡಿದ್ರಾ?" ಅಂದರು.

"ಸಾರ್, ಅದು ಬರೀ ಮಣ್ಣು. ಒತ್ತಿಲ್ಲ, ಸುಣ್ಣ ಬೆರೆಸಿಲ್ಲ. ಹಸಿ ಹಿಟ್ಟನ್ನ ಬಾಯಿಗೆ ಹಾಕ್ಕೊಂಡು ರೊಟ್ಟಿ ಚೆನ್ನಾಗಿಲ್ಲ ಅಂದ ಹಾಗಾಯ್ತು."

"ನನಗೆ ಅದೆಲ್ಲ ತಿಳಿಯಲ್ಲಮ್ಮ. ಮಾದರಿ ಗೋಡೆ ಒಂದು ಕಟ್ಟಿದೀರಲ್ಲ, ಶುಕ್ರವಾರ ಟ್ಯಾಂಕರ್ ತರಿಸ್ತೀನಿ. ಅರ್ಧ ಗಂಟೆ ನೀರು ಹೊಡೆಸ್ತೀನಿ. ಆಮೇಲೆ ನನ್ನ ಉಗುರು ಒತ್ತಿ ನೋಡ್ತೀನಿ. ಇಳೀಲಿಲ್ವಾ, ಶಾಲೆ ಪೂರ್ತಿ ನಿಮ್ಮ ಮಣ್ಣಲ್ಲೇ ಆಗ್ಲಿ. ಇಳೀತಾ, ಸೋಮವಾರದಿಂದ ಕಾಂಕ್ರೀಟ್. ಕಟ್ಟಿಸೋಕೂ ಬೇರೆಯವರು."

ದೊಡ್ಡ ಟೀಚರ್ ಬಾಯಿ ತೆರೆಯುವ ಮೊದಲೇ ನಾನು "ಆಗ್ಲಿ" ಅಂದುಬಿಟ್ಟೆ. ಮನೆಗೆ ಹೋಗಿ ಹೇಳಿದೆ. ಅಮ್ಮ ಅಧ್ಯಕ್ಷರ ಉಗುರಿಗೆ ಶಾಪ ಹಾಕಿದಳು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಟ್ಯಾಂಕರ್ ಪಂಪಿನ ಪೈಪೋ, ಬರೀ ಪೈಪೋ?" ಅಂತ ಮಾತ್ರ ಕೇಳಿದ.

"ಪಂಪಿಂದು."

ಅಪ್ಪ ಪೇಪರ್ ಹಾಳೆ ತಿರುಗಿಸಿದ. ಅವನಿಗೆ ಒಳಗೊಳಗೇ ಖುಷಿಯಾಗಿರಬೇಕು ಅಂತ ನನಗೆ ಹೊಟ್ಟೆ ಉರಿಯಿತು.

ಗುರುವಾರ ಮಧ್ಯಾಹ್ನ ಹಳೆ ಕಿಟಕಿಗಳಿಗೆ ಕೀಲು ಹುಡುಕಿಕೊಂಡು ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ನೇರ ಮನೆಗೆ ಹೋದೆ. ಶುಕ್ರವಾರ ಬೆಳಗ್ಗೆ ಗೇಟು ತೆಗೆದು ಒಳಗೆ ಬಂದವಳು ಹಾಗೇ ನಿಂತೆ.

ನನ್ನ ಮಾದರಿ ಗೋಡೆ, ಎದೆಯೆತ್ತರದ ಚೆಂದದ ಕೆಂಗಂದು ಗೋಡೆ, ಬೂದು ಬಣ್ಣಕ್ಕೆ ತಿರುಗಿತ್ತು. ನುಣ್ಣಗೆ, ತಣ್ಣಗೆ, ತಲೆಯಿಂದ ಬುಡದವರೆಗೆ ಸಿಮೆಂಟ್.

"ಮೇಸ್ತ್ರೀ!"

ಮೇಸ್ತ್ರಿ ಓಡಿ ಬಂದ. ನನ್ನ ಮುಖ ನೋಡಿ ಅವನ ಮುಖ ಹುಳ್ಳಗಾಯಿತು.

"ನೀವೇ ಅಲ್ವಾ ಮೇಡಂ ಹೇಳಿ ಕಳ್ಸಿದ್ದು? ನಿನ್ನೆ ನಿಮ್ಮಪ್ಪ ಸ್ಕೂಟರಲ್ಲಿ ಮೂಟೆ ತಂದ್ರು. 'ಮಗಳು ಹೇಳಿದಾಳೆ, ಮುಖಕ್ಕೆ ತೆಳ್ಳಗೆ ಒಂದು ಕೈ ಬಳೀಬೇಕಂತೆ' ಅಂದ್ರು. ದಾರ ಅವರೇ ಬಿಚ್ಚಿದ್ರು. ಮೊದಲ ಬಾಣಲಿ ಅವರೇ ಕಲ್ಸಿದ್ರು. ಊರಲ್ಲಿ ಎಲ್ಲರಿಗೂ ಹಂಗೇ ಅಲ್ವಾ, ನಾನೂ ಅಂದ್ಕೊಂಡೆ, ಅಪ್ಪ ಮಗಳು ರಾಜಿ ಆದ್ರು ಅಂತ."

ಪಿತ್ತ ನೆತ್ತಿಗೇರಿತು. ಅಪ್ಪನಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈಯಬೇಕು ಅಂತ ಕೈ ಜೇಬಿಗೆ ಹೋಯಿತು. ಅಷ್ಟರಲ್ಲಿ ಟ್ಯಾಂಕರ್ ಗೇಟಿಗೆ ಬಂದು ಹಾರ್ನ್ ಹೊಡೆಯಿತು. ಹಿಂದೆ ಅಧ್ಯಕ್ಷರ ಕಾರು. ಅದರ ಹಿಂದೆ ಸ್ಕೂಟರ್, ಮುಂದೆ ಅಪ್ಪ, ಹಿಂದೆ ಅಮ್ಮ. ಗೋದಾಮಿನ ಕಡೆಯಿಂದ ದೊಡ್ಡ ಟೀಚರ್ ಬಿರಬಿರನೆ ಬಂದರು.

ಅಧ್ಯಕ್ಷರು ಗೋಡೆ ನೋಡಿದ್ದೇ ಮುಖ ಅರಳಿಸಿದರು. ಹೋಗಿ ಅದರ ಮೇಲೆ ಕೈಯಾಡಿಸಿದರು.

"ಆಹಾ! ಇದಪ್ಪಾ ಗೋಡೆ ಅಂದ್ರೆ! ಮೊದಲೇ ಹೀಗೆ ಮಾಡಿದ್ರೆ ನನಗೆ ನಿದ್ದೆ ಬರ್ತಿತ್ತು. ನೀರೂ ಬೇಡ, ಏನೂ ಬೇಡ. ಒಳಗೆ ನಿಮ್ಮ ಮಣ್ಣೇ ಇರ್ಲಿ, ಹೊರಗೆಲ್ಲ ಇದನ್ನ ಬಳಿದುಬಿಡಿ. ಪಾಸ್!"

ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ನನಗೂ ಆಸೆಯಾಯಿತು. ಹೂಂ ಅಂದರೆ ಮುಗಿಯಿತು, ಕೆಲಸ ನನ್ನದೇ. ಆದರೆ ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದರೆ ಅದರ ಉಸಿರು ಕಟ್ಟಿದ ಹಾಗೆ. ಒಳಗೆ ಹೊಕ್ಕ ತೇವ ಹೊರಗೆ ಬರುವುದಿಲ್ಲ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆ ಒಳಗೇ ಮೆತ್ತಗಾಗುತ್ತದೆ. ಅದರಡಿ ಕೂರುವವರು ಮಕ್ಕಳು. ನಾನು ದೂರ ನಿಂತಿದ್ದ ಅಪ್ಪನ ಕಡೆ ನೋಡಿದೆ. ಅವನು ನನ್ನನ್ನು ನೋಡಿ ಮೆಲ್ಲಗೆ ತಲೆಯಾಡಿಸಿದ, ಹೂಂ ಅನ್ನು, ಹೂಂ ಅನ್ನು ಅನ್ನುವ ಹಾಗೆ.

"ಸಾರ್, ಇದು ನಮ್ಮ ಗೋಡೆ ಅಲ್ಲ" ಅಂದೆ. ಮೇಸ್ತ್ರಿಯ ಕೈಯಿಂದ ಸುತ್ತಿಗೆ ಕಿತ್ತುಕೊಂಡೆ.

"ಪುಟ್ಟೀ, ಬೇಡ!" ಅಂತ ಅಪ್ಪ ಕೂಗಿದ.

ಮೆಲ್ಲಗೆ ಒಂದು ಏಟು ಹಾಕಿದೆ. ಡಬ್ ಅಂತ ಪೊಳ್ಳು ಸದ್ದು ಬಂತು. ಇನ್ನೊಂದು ಏಟಿಗೆ ಉದ್ದಕ್ಕೂ ಬಿರುಕು ಬಿಟ್ಟಿತು. ಒಣಗಿದ ಮಣ್ಣು ಗಾರೆಯ ನೀರನ್ನೆಲ್ಲ ಹೀರಿಬಿಟ್ಟಿತ್ತು, ಅಂಟು ಎಲ್ಲಿಂದ ಬರಬೇಕು? ಸಿಮೆಂಟ್ ಹಪ್ಪಳ ಹಪ್ಪಳವಾಗಿ ಎದ್ದು ಕಾಲ ಬುಡಕ್ಕೆ ಬಿತ್ತು. ಹಿಂದೆ ನನ್ನ ಕೆಂಗಂದು ಗೋಡೆ, ಹಾಗೇ ಇತ್ತು.

ಅಪ್ಪ ಬಂದು ಬಗ್ಗಿ ಒಂದು ತುಂಡು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. ಅವನ ಬದುಕಿನಲ್ಲೇ ಸಿಮೆಂಟ್ ಹೀಗೆ ಕೈ ಕೊಟ್ಟದ್ದನ್ನು ಅವನು ನೋಡಿರಲಿಲ್ಲ. ನನ್ನ ಸಿಟ್ಟೆಲ್ಲ ಅಲ್ಲೇ ಜರ್ರನೆ ಇಳಿಯಿತು.

"ಈಗ ನೀರು ಹೊಡೀರಿ" ಅಂದೆ.

ಅಧ್ಯಕ್ಷರಿಗೆ ಅನುಮಾನ. "ಪೈಪ್ ಯಾರು ಹಿಡಿಯೋದು? ನಿಮ್ಮ ಕೆಲಸದವರು ಬೇಡ, ನಾಜೂಕಾಗಿ ಹಿಡೀತಾರೆ."

"ಸಿಮೆಂಟಪ್ಪನೋರೇ ಹಿಡೀಲಿ" ಅಂದರು ದೊಡ್ಡ ಟೀಚರ್. "ಮಣ್ಣಿನ ಮೇಲೆ ಅವರಿಗಿಂತ ಸಿಟ್ಟಿರೋರು ಊರಲ್ಲೇ ಇಲ್ಲ."

ಅಧ್ಯಕ್ಷರಿಗೆ ಇದು ಬಹಳ ಹಿಡಿಸಿತು. ಪಂಪು ಗುಡುಗುಡು ಅಂದಿತು. ಅಪ್ಪ ಪೈಪ್ ಹಿಡಿದು ನಿಂತ. ನೀರು ಬಂತು, ಬಂದದ್ದೆಲ್ಲ ಗೋಡೆಯ ಪಕ್ಕದ ಸಸಿಗಳಿಗೆ ಹೋಯಿತು. ಒಮ್ಮೊಮ್ಮೆ ಗೋಡೆಯ ಅಂಚಿಗೆ ಹಾಗೇ ತಾಗಿ ಬರುತ್ತಿತ್ತು, ಹೂಗಿಡಕ್ಕೆ ಹನಿಸಿದ ಹಾಗೆ.

"ಅಪ್ಪಾ, ಗೋಡೆಗೆ ಹಿಡಿ!"

"ಹಿಡ್ದಿದೀನಲ್ಲ."

"ಪಕ್ಕಕ್ಕೆ ಹಿಡ್ದಿದೀಯ!"

"ಕೈ ನೋಯ್ತಿದೆ ಪುಟ್ಟಿ."

ಹತ್ತಿರ ಹೋದೆ. ಪಂಪಿನ ಸದ್ದಿನಲ್ಲಿ ಬೇರೆ ಯಾರಿಗೂ ಕೇಳದ ಹಾಗೆ ಹೇಳಿದ:

"ಗೋಡೆ ಬಿದ್ರೆ ಬೀಳ್ಲಿ ಕಣೇ, ನಂಗೇನು. ಇಷ್ಟು ಜನರ ಮುಂದೆ ನೀನು ಅಳೋದನ್ನ ನಾನು ನೋಡಲ್ಲ. ಊರಲ್ಲಿ ಎಲ್ಲರ ಕಟ್ಟಡಕ್ಕೂ ನಂದೊಂದು ಮೂಟೆ ಇದೆ. ನಿಂದಕ್ಕೆ ಇಲ್ಲ ಅಂದ್ರೆ ಹೆಂಗೆ ನಿಲ್ಲುತ್ತೆ ಅಂತ ನಿದ್ದೆ ಬರ್ಲಿಲ್ಲ."

ಇವನ ಮೇಲೆ ಹೊಟ್ಟೆ ಉರಿದುಕೊಂಡಿದ್ದೆನಲ್ಲ! ಅವನ ಕೈಯ ಮೇಲೆ ಕೈ ಇಟ್ಟು ಪೈಪನ್ನು ಗೋಡೆಯ ನಟ್ಟನಡುವಿಗೆ ತಿರುಗಿಸಿದೆ.

"ನಿಲ್ಲುತ್ತಪ್ಪ. ಜೋರಾಗಿ ಹಿಡಿ."

ಅಪ್ಪ ಕಣ್ಣು ಮುಚ್ಚಿಕೊಂಡು ಹಿಡಿದ.

ಮೊದಲು ಕೆಂಪು ನೀರು ಇಳಿಯಿತು. ಅಧ್ಯಕ್ಷರು "ಹೋಯ್ತು, ಹೋಯ್ತು" ಅಂದರು. ಮೇಲಿನ ಧೂಳು ಅಷ್ಟೆ ಅದು, ಸ್ವಲ್ಪ ಹೊತ್ತಿಗೆ ನೀರು ತಿಳಿಯಾಯಿತು. ತಿಳಿಯಾಗಿಯೇ ಇಳಿಯಿತು. ಗೋಡೆಯ ಬಣ್ಣ ಗಾಢವಾಯಿತು, ಬೇರೇನೂ ಆಗಲಿಲ್ಲ. ಅಮ್ಮ "ಇನ್ನೂ ಕಣ್ಣು ಬಿಟ್ಟಿಲ್ಲ ನೋಡಿ ಇವರು" ಅಂತ ದೊಡ್ಡ ಟೀಚರಿಗೆ ಹೇಳುತ್ತಿದ್ದದ್ದು ಕೇಳಿಸಿತು.

ಪಂಪು ನಿಂತಿತು. ಅಧ್ಯಕ್ಷರು ತೋಳು ಮಡಿಸಿ, ಹೆಬ್ಬೆರಳಿನ ಉಗುರನ್ನು ಗೋಡೆಗೆ ಒತ್ತಿದರು. ಇನ್ನೂ ಒತ್ತಿದರು. ಆಮೇಲೆ "ಅಯ್ಯಯ್ಯೋ" ಅಂತ ಬೆರಳನ್ನು ಬಾಯಿಗಿಟ್ಟುಕೊಂಡರು. ಉಗುರು ಮಡಚಿಕೊಂಡಿತ್ತು.

"ಏನಾಯ್ತು ಸಾರ್?" ಅಂದರು ದೊಡ್ಡ ಟೀಚರ್, ಮೈದಾನದ ಆಚೆ ತುದಿಗೂ ಕೇಳುವ ಹಾಗೆ.

"ಆಯ್ತಮ್ಮ, ಆಯ್ತು. ಕಟ್ಟಿ" ಅಂದರು ಅಧ್ಯಕ್ಷರು. ಹೋಗುವಾಗ ಕಪ್ಪು ಹಲಗೆಯ ಮುಂದೆ ನಿಂತು, "ಹಾಗಾದ್ರೆ ಇದ್ದಲು ಬೇಕಾಗಲ್ಲ" ಅಂದು ಹೋದರು.

ಅಪ್ಪ ಗೋಡೆಯ ಹತ್ತಿರ ಬಹಳ ಹೊತ್ತು ನಿಂತಿದ್ದ. ಅಂಗೈಯಿಂದ ತಟ್ಟಿ ನೋಡಿದ. ಕಿವಿ ಇಟ್ಟು ನೋಡಿದ. ಆಮೇಲೆ ಬಿದ್ದಿದ್ದ ಸಿಮೆಂಟ್ ಚೂರುಗಳನ್ನು ತಾನೇ ಗುಡಿಸಿ ಬುಟ್ಟಿಗೆ ತುಂಬಿ, ಅಮ್ಮನನ್ನು ಸ್ಕೂಟರಿಗೆ ಹತ್ತಿಸಿಕೊಂಡು ಹೊರಟ. ಆ ಬೆನ್ನು ನೋಡಿ ನನಗೆ ಗೆದ್ದ ಖುಷಿ ಅರ್ಧಕ್ಕರ್ಧ ಇಳಿದುಹೋಯಿತು.

ಗೋಡೆಗಳು ಎದ್ದವು, ಹೆಂಚು ಬಂತು. ಮಧ್ಯಾಹ್ನದ ಬಿಸಿಲಲ್ಲಿ ಒಳಗೆ ಕಾಲಿಟ್ಟರೆ ಮಡಕೆಯ ನೀರು ಕುಡಿದ ಹಾಗೆ ತಂಪು. ಇಳಿಜಾರು ಮಾತ್ರ ಬಾಕಿ. ಸುಣ್ಣ ತುಂಬಿ ನೋಡಿದೆ, ಗಾಲಿ ಓಡಾಡಿದಷ್ಟೂ ಸಂದಿ ಬಾಯಿ ಬಿಟ್ಟಿತು. ಹುಡುಗಿ ಹಲ್ಲು ಕಚ್ಚಿಕೊಂಡು ಹತ್ತಿದಳು. ಆದಷ್ಟು ಕಡಿಮೆ ಅಂತ ಅಪ್ಪನಿಗೆ ಹೇಳಿದವಳು ನಾನೇ, ಒಂದು ಮೂಟೆಯೂ ಬೇಡ ಅನ್ನಿಸಿದ್ದು ನನ್ನ ಹಟ. ಆ ಹಟಕ್ಕೆ ಅವಳ ಹಲ್ಲು ಯಾಕೆ ಕಟಕಟ ಅನ್ನಬೇಕು?

ಮಾರನೇ ಬೆಳಗ್ಗೆ ಅಪ್ಪನ ಅಂಗಡಿಗೆ ಹೋಗಿ ಗಿರಾಕಿಗಳು ನಿಲ್ಲುವ ಕಡೆಯೇ ನಿಂತೆ.

"ಒಂದು ಮೂಟೆ ಸಿಮೆಂಟ್ ಬೇಕಿತ್ತು."

"ಯಾವ ಕೆಲಸಕ್ಕೆ?" ಅಂದ ಅಪ್ಪ, ಎಲ್ಲರನ್ನೂ ಕೇಳುವ ಹಾಗೆ. ಆಮೇಲೆ ತಲೆ ಎತ್ತಿದ.

"ಶಾಲೆ ಬಾಗಿಲ ಮುಂದಿನ ಇಳಿಜಾರಿಗೆ. ಕಲ್ಲಿನ ಮೇಲೆ ತೆಳ್ಳಗೆ ಒಂದು ಪದರ. ಗಾಲಿಕುರ್ಚಿ ನುಣ್ಣಗೆ ಹೋಗ್ಬೇಕು, ಅದು ಮಣ್ಣಿಂದ ಆಗಲ್ಲ."

"ಮತ್ತೆಷ್ಟು ಬೇಕಾಗುತ್ತೆ?"

"ಮತ್ತೆ ಬೇಡಪ್ಪ. ಮೊದಲನೇದೂ ಇದೇ, ಕೊನೇದೂ ಇದೇ."

ಅಪ್ಪ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದ, ಇನ್ನಷ್ಟು ಧೂಳಾಯಿತು. ಅಂಗಡಿ ಹಿಂದಿನ ಗೋದಾಮಿನೊಳಗೆ ಹೋಗಿ ಮೂಟೆಗಳನ್ನು ಒಂದೊಂದಾಗಿ ತಟ್ಟಿ ನೋಡುತ್ತ ಬಂದ. ಮಗಳಿಗೆ ಗಂಡು ಹುಡುಕುವವರೂ ಇಷ್ಟು ಅಳೆದು ಸುರಿದು ನೋಡುವುದಿಲ್ಲ. ಒಂದನ್ನು ಆರಿಸಿ, "ನೀನು ನಡಿ, ನಾನು ತರ್ತೀನಿ" ಅಂದ. ಅಪ್ಪನಿಗೆ ತಿಂಡಿ ತಂದ ಅಮ್ಮ, ಸೊಂಟ ಹಿಡಿದೀತು ಅಂತ ಅಂಗಡಿ ಬಾಗಿಲಿಂದಲೇ ಕೂಗಿದಳು. ಕೂಗಿ, ತಾನೂ ಹಿಂದೆ ಹತ್ತಿ ಕೂತಳು.

ಇಳಿಜಾರಿನ ಬಳಿ ಎಲ್ಲರೂ ನೆರೆದಿದ್ದೆವು. ಗಾಲಿಕುರ್ಚಿಯ ಹುಡುಗಿ ಎಲ್ಲರಿಗಿಂತ ಮುಂದೆ. ಅಪ್ಪ ತೋಳು ಮಡಿಸಿದ, ದಾರದ ತುದಿ ಹಿಡಿದ, ಒಂದೇ ಎಳೆತಕ್ಕೆ ಸರ್ರನೆ ಬಿಚ್ಚಿದ. ಮರಳು, ಸಿಮೆಂಟ್, ನೀರು ಹಾಕಿ ಮೊದಲ ಬಾಣಲಿ ತಾನೇ ಕಲಸಿದ. ಕೈ ತೊಳೆದು ಎದ್ದು ನಿಂತ. ಮೇಸ್ತ್ರಿ ಕರಣೆ ಹಿಡಿದು ಕಾಯುತ್ತಿದ್ದ, ಅಪ್ಪ ಏನು ಹೇಳುತ್ತಾನೆ ಅಂತ ಊರಿಗೇ ಗೊತ್ತಲ್ಲ.

"ಇಳಿಜಾರಿಗೆ ಇನ್ನು ನೂರು ವರ್ಷ ಯೋಚನೆ ಇಲ್ಲ" ಅಂದ ಅಪ್ಪ. ಕತ್ತೆತ್ತಿ ಗೋಡೆಗಳನ್ನು ಈ ತುದಿಯಿಂದ ಆ ತುದಿಯವರೆಗೂ ನೋಡಿದ. "ಗೋಡೆ ವಿಚಾರ ನನ್ನ ಮಗಳನ್ನ ಕೇಳಿ. ಅದು ಅವಳ ಜವಾಬ್ದಾರಿ."

ನನಗೆ ಅಳು ಬಂತು. ಅಷ್ಟು ಜನರ ಮುಂದೆಯೇ ಬಾಣಲಿಯ ಪಕ್ಕ ನಿಂತು ಅತ್ತೆ.

"ಏ, ಗಾರೆಗೆ ನೀರು ಜಾಸ್ತಿಯಾಗುತ್ತೆ" ಅಂದಳು ಅಮ್ಮ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ. "ಆಚೆ ಹೋಗಿ ಅಳು."